ಐದು ಅಂಕದ ಉತ್ತರ

ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಅವಳ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ನಾನು ಅಣ್ವಸ್ತ್ರಗಳ ಕಾನೂನಿನ ಬಗ್ಗೆ ಅರ್ಧ ಸಲಹೆ ಕೊಟ್ಟೆ. ಅದು ಅರ್ಧ ಅಂತ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನಡುವೆ ಎಲ್ಲೋ ನನ್ನ ಪರವಾಗಿಯೇ ವಾದ ಶುರು ಮಾಡಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಆಗ ನಾವು ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ರೆಡ್‌ಮಂಡ್‌ನ ಓವರ್‌ಲೇಕ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಗಂಡನಿಗೆ ಆಫೀಸು ನಡೆದು ಹೋಗುವಷ್ಟು ಹತ್ತಿರ. ನನ್ನದು ಡಿಪೆಂಡೆಂಟ್ ವೀಸಾ. ಅಂದರೆ ಇರಬಹುದು, ಅಡುಗೆ ಮಾಡಬಹುದು, ಕಾರು ಓಡಿಸಬಹುದು, ದುಡಿಯುವ ಹಾಗಿಲ್ಲ. ಮೈಸೂರಿನಲ್ಲಿ ನಾನು ವಕೀಲೆ. ಕರಿಕೋಟು ಹಾಕಿಕೊಂಡು ಹಿರಿಯ ವಕೀಲರೊಬ್ಬರ ಹಿಂದೆ ಎರಡು ವರ್ಷ ಓಡಾಡಿದ್ದೆ. ಹೆಚ್ಚಿನ ದಿನ ಜಡ್ಜ್ ಮುಂದೆ ಎದ್ದು ನಿಂತು ಮುಂದಿನ ತಾರೀಕು ಕೇಳುವುದೇ ನನ್ನ ಕೆಲಸವಾಗಿತ್ತು ಅನ್ನುವುದು ಬೇರೆ ಮಾತು. ಇಲ್ಲಿಗೆ ಬಂದ ಮೇಲೆ ಅದೂ ಹೋಯಿತು. ಕನ್ನಡ ಕೂಟದ ಊಟಕ್ಕೆ ಹೋದರೆ ‘ನಿಮ್ಮವರು ಯಾವ ಟೀಮು?’ ಅಂತ ಕೇಳುತ್ತಿದ್ದರೇ ಹೊರತು ನೀವೇನು ಓದಿದ್ದೀರಿ ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಬಿಸಿಬೇಳೆಬಾತಿನ ಪಾತ್ರೆ ಹಿಡಿದು ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಿದ್ದಾಗ ಒಂದು ಬೆಳಿಗ್ಗೆ, ಆ ಹೆಂಗಸು ನನ್ನನ್ನು ನೋಡಿ, ‘ನೀನು ಲಾಯರ್ ಅಂತೆ?’ ಎಂದರು.

ನಮ್ಮ ಮನೆಯಲ್ಲಿ ಅವರಿಗೆ ಸ್ಟಾಪ್ ಅಜ್ಜಿ ಅಂತ ಹೆಸರು. ಎಂಟು ಮೂಲೆಯ ಕೆಂಪು ಸ್ಟಾಪ್ ಫಲಕವನ್ನು ಕೋಲಿಗೆ ಸಿಕ್ಕಿಸಿಕೊಂಡು, ಹಳದಿ ರೇನ್‌ಕೋಟಿನಲ್ಲಿ ರಸ್ತೆಯ ನಡುವೆ ನಿಂತರೆ ಎಂಥ ದೊಡ್ಡ ಟ್ರಕ್ಕೂ ನಿಲ್ಲಲೇಬೇಕಿತ್ತು. ನಿವೃತ್ತ ನರ್ಸು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಹಳೆಯ ಮನೆ. ಹನ್ನೆರಡು ವರ್ಷದಿಂದ ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಆ ರಸ್ತೆಯಲ್ಲಿ ನಿಂತಿದ್ದರು. ಪ್ರತಿ ಮಗುವಿನ ಹೆಸರೂ ಗೊತ್ತು. ಯಾವ ಮಗುವಿನ ಹಲ್ಲು ಬಿದ್ದಿದೆ, ಯಾರ ಮನೆಗೆ ಹೊಸ ಪಾಪು ಬಂದಿದೆ, ಎಲ್ಲವೂ ಗೊತ್ತು. ಅವರು ಆಡಿದ್ದು ಇಂಗ್ಲಿಷು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ನನಗೆ ಯಾವಾಗಲೂ ‘ನೀನು’ ಅಂತಲೇ ಕೇಳಿಸುತ್ತಿತ್ತು, ನನ್ನ ಬಾಯಲ್ಲಿ ‘ನೀವು’.

ನಾನು ಲಾಯರ್ ಅಂತ ಮಗಳು ಅವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು. ನಾನು ‘ಹೌದು’ ಎಂದೆ. ‘ಆಗಿದ್ದೆ’ ಅನ್ನಬೇಕಿತ್ತು. ‘ಹೌದು’ ಅಂದೆ.

‘ಹಾಗಾದರೆ ಒಂದು ದಿನ ಟೀಗೆ ಬಾ. ಆಗಸ್ಟ್‌ನಲ್ಲಿ ನನ್ನನ್ನ ಅರೆಸ್ಟ್ ಮಾಡಿದ್ರು,’ ಅಂದರು, ಹಲ್ಲು ತೋರಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗಿ ಬಂದ ವಿಷಯ ಹೇಳುವ ಹಾಗೆ. ಹಾಗನ್ನುತ್ತಲೇ ಫಲಕ ಎತ್ತಿ ಹಿಡಿದು ನಾಲ್ಕು ಮಕ್ಕಳನ್ನು ದಾಟಿಸಿದರು.

ಸಿಯಾಟಲ್‌ನಿಂದ ಫೆರಿ ಹತ್ತಿ ನೀರಿನಾಚೆ ಹೋದರೆ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿ ಹಡಗುಗಳು ನಿಲ್ಲುವ ನೆಲೆಯಿದೆ. ನಾವು ಇಲ್ಲಿಗೆ ಬಂದು ಎಷ್ಟೋ ವರ್ಷದವರೆಗೆ ನನಗೆ ಅದು ಗೊತ್ತೇ ಇರಲಿಲ್ಲ. ಫೆರಿಯಲ್ಲಿ ಕೂತು ಫೋಟೋ ತೆಗೆದುಕೊಂಡು, ಪೊಟ್ಟಣದಲ್ಲಿದ್ದ ಚಿತ್ರಾನ್ನ ತಿಂದು ಬಂದಿದ್ದೆವು, ಅಷ್ಟೆ. ಹಿರೋಶಿಮಾದ ನೆನಪಿಗೆ ಆ ನೆಲೆಯ ಗೇಟಿನ ಮುಂದೆ ಪ್ರತಿ ಆಗಸ್ಟ್‌ನಲ್ಲಿ ಕೆಲವರು ಸೇರುತ್ತಾರಂತೆ. ರಸ್ತೆಯ ಮೇಲೆ ಒಂದು ಗೆರೆ ಬರೆದಿರುತ್ತಾರೆ. ಆ ಗೆರೆಯ ಈಚೆ ನಿಂತು ಎಷ್ಟು ಬೇಕಾದರೂ ಹಾಡಬಹುದು, ಆಚೆ ಕಾಲಿಟ್ಟರೆ ಅತಿಕ್ರಮ ಪ್ರವೇಶ. ಅಜ್ಜಿ ಆ ವರ್ಷ ಬಟ್ಟೆಯ ಬ್ಯಾನರ್ ಹಿಡಿದು ಆಚೆ ಕಾಲಿಟ್ಟಿದ್ದರು. ಆಗ ಶಾಲೆಗೆ ಬೇಸಿಗೆ ರಜೆ, ಮಕ್ಕಳಿಗೆ ತೊಂದರೆಯಾಗುವುದಿಲ್ಲ ಅಂತ ಮೊದಲೇ ನೋಡಿಕೊಂಡಿದ್ದರು.

ಜನವರಿಯ ಕೊನೆಯಲ್ಲಿ ಅವರ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಶುಂಠಿ ಬಿಸ್ಕತ್ತು, ಹಾಲಿಲ್ಲದ ಟೀ. ಸರ್ಕಾರಿ ವಕೀಲರು ಒಂದು ದಾರಿ ತೋರಿಸಿದ್ದಾರೆ ಅಂತ ಹೇಳಿದರು. ಒಂದು ಕಾಗದಕ್ಕೆ ಸಹಿ ಹಾಕಬೇಕು: ಇನ್ನೊಂದು ವರ್ಷ ಆ ಗೇಟಿನ ಹತ್ತಿರ ಸುಳಿಯುವುದಿಲ್ಲ ಅಂತ. ಹಾಕಿದರೆ ಕೇಸು ಬಿದ್ದುಹೋಗುತ್ತದೆ, ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಹಾಕದಿದ್ದರೆ ಮಾರ್ಚ್‌ನಲ್ಲಿ ವಿಚಾರಣೆ. ಜೊತೆಗೆ ಗೆರೆ ದಾಟಿದ್ದ ಇಬ್ಬರು ಆಗಲೇ ಸಹಿ ಹಾಕಿ ಮುಗಿಸಿದ್ದರು.

‘ಶಿಕ್ಷೆ ಆದರೆ ಶಾಲೆಯವರು ನನ್ನ ಕೈಯಿಂದ ಆ ಸ್ಟಾಪ್ ಫಲಕ ಕಿತ್ತುಕೊಳ್ಳಬಹುದು,’ ಅಂದರು. ‘ನನಗೆ ಬೇರೆ ಯಾವ ಭಯವೂ ಇಲ್ಲ, ಅದೊಂದೇ. ಅದಕ್ಕೇ ಕೇಳ್ತಿದೀನಿ. ಕಾನೂನು ನಿಜವಾಗ್ಲೂ ನನ್ನ ಪರ ಇದ್ದರೆ ಕೋರ್ಟಲ್ಲಿ ನಿಂತು ಹೇಳ್ತೀನಿ. ಇಲ್ಲದಿದ್ದರೆ ಸಹಿ ಹಾಕ್ತೀನಿ. ಸುಮ್ಮನೆ ಹಟಕ್ಕೆ ಬಿದ್ದು ಮಕ್ಕಳನ್ನ ಬಿಡೋಕೆ ನಾನು ತಯಾರಿಲ್ಲ. ಹೇಳು, ಅಣ್ವಸ್ತ್ರದ ಬಗ್ಗೆ ಜಗತ್ತಿನ ಕಾನೂನು ಏನು ಹೇಳತ್ತೆ?’

ಇಷ್ಟು ಸ್ಪಷ್ಟವಾಗಿ ನನ್ನನ್ನು ಯಾವ ಕಕ್ಷಿದಾರನೂ ಪ್ರಶ್ನೆ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅದೇ ಆದ ಅನಾಹುತ.

ಅದು ಹೇಗೆ ಗೊತ್ತಿತ್ತು ಅಂತ ಹೇಳಬೇಕು. ನಾನು ಲಾ ಪರೀಕ್ಷೆ ಬರೆದದ್ದು ತೊಂಬತ್ತೆಂಟರಲ್ಲಿ. ನಮ್ಮಲ್ಲಿ ಯಾರೂ ದಪ್ಪ ಪುಸ್ತಕ ಓದುತ್ತಿರಲಿಲ್ಲ. ಹಳದಿ ರಟ್ಟಿನ ಗೈಡು ಇರುತ್ತಿತ್ತು. ಕಳೆದ ಹತ್ತು ವರ್ಷದ ಪ್ರಶ್ನೆಗಳು, ಅದರ ಕೆಳಗೆ ಉತ್ತರ, ಪಕ್ಕದಲ್ಲಿ ಅಂಕ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮಹಡಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಉರು ಹೊಡೆಯುವುದು. ಅಂತಾರಾಷ್ಟ್ರೀಯ ಕಾನೂನಿನ ಪತ್ರಿಕೆಗೆ ‘ಅಣ್ವಸ್ತ್ರಗಳು: ವಿಶ್ವ ನ್ಯಾಯಾಲಯದ ಅಭಿಪ್ರಾಯ’ ಅಂತ ಒಂದು ಐದು ಅಂಕದ ಟಿಪ್ಪಣಿ ಇತ್ತು. ಆ ಅಭಿಪ್ರಾಯ ಹೊರಬಂದು ಎರಡೇ ವರ್ಷವಾಗಿತ್ತು, ಹಾಗಾಗಿ ಈ ಸಲ ಬಂದೇ ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಗೈಡಿನಲ್ಲಿ ಏಳೆಂಟು ಸಾಲು. ಅಣ್ವಸ್ತ್ರ ಬಳಸುವುದು, ಬಳಸುತ್ತೇನೆಂದು ಬೆದರಿಸುವುದು ಸಾಮಾನ್ಯವಾಗಿ ಯುದ್ಧಕಾಲದ ಕಾನೂನಿಗೆ, ಮಾನವೀಯತೆಯ ನಿಯಮಗಳಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿದೆ. ಅಲ್ಲಿಗೆ ಮುಗಿಯಿತು. ಐದು ಅಂಕಕ್ಕೆ ಅಷ್ಟು ಸಾಕು.

ಆ ಮೇ ತಿಂಗಳಲ್ಲೇ ಪೋಖ್ರಾನ್‌ನಲ್ಲಿ ನಮ್ಮ ಬಾಂಬು ಸಿಡಿದದ್ದು. ಕಾಲೇಜಿನ ಕ್ಯಾಂಟೀನಿನಲ್ಲಿ ಮೈಸೂರು ಪಾಕ್ ಹಂಚಿದರು. ನಾನು ಎರಡು ತಿಂದೆ, ಚಪ್ಪಾಳೆ ಹೊಡೆದೆ, ಬೀದಿಗೆ ಹೋಗಿ ಘೋಷಣೆಯನ್ನೂ ಕೂಗಿದೆ. ಅದಾದ ಮೇಲೆ ಪರೀಕ್ಷೆಗೆ ಹೋಗಿ, ಅಣ್ವಸ್ತ್ರ ಕಾನೂನುಬಾಹಿರ ಅಂತ ಸ್ಕೇಲು ಇಟ್ಟು ಅಡಿಗೆರೆ ಎಳೆದು ಬರೆದು ಬಂದೆ. ಎರಡೂ ಒಂದೇ ಕೈಯಲ್ಲಿ ಮಾಡಿದ ಕೆಲಸ ಅಂತ ನನಗೆ ಹೊಳೆಯಲೇ ಇಲ್ಲ. ಒಳ್ಳೆಯ ಅಂಕ ಬಂತು.

ಹದಿನಾರು ವರ್ಷದ ನಂತರ ಅಜ್ಜಿಯ ಅಡುಗೆಮನೆಯಲ್ಲಿ ಅದೇ ಏಳೆಂಟು ಸಾಲು ಒಂದಕ್ಷರ ತಪ್ಪದೆ ಬಾಯಿಗೆ ಬಂತು. ನ್ಯಾಯಾಲಯದ ಹೆಸರು, ವರ್ಷ, ಎಲ್ಲ ಹೇಳಿದೆ. ಅಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಬರೆದದ್ದರ ಅಡಿಗೆ ಗೆರೆ ಎಳೆದರು.

‘ಬಳಸೋದು ಸರಿ. ಸುಮ್ಮನೆ ಇಟ್ಟುಕೊಂಡಿರೋದು? ಇಲ್ಲಿ ನೀರಲ್ಲಿ ನಿಂತಿವೆಯಲ್ಲ, ಅದು?’ ಅಂತ ಕೇಳಿದರು.

ಗೈಡಿನಲ್ಲಿ ಅದು ಇರಲಿಲ್ಲ. ‘ಬೆದರಿಸೋದೇ ತಪ್ಪು ಅಂದಮೇಲೆ, ಇಟ್ಟುಕೊಂಡಿರೋದು ಬೆದರಿಸೋದಕ್ಕೇ ತಾನೆ?’ ಎಂದೆ. ಅಜ್ಜಿಯ ಕಣ್ಣು ಅರಳಿತು. ಅದನ್ನೂ ಬರೆದುಕೊಂಡರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

‘ಕೋರ್ಟಿನಿಂದ ಕೊಟ್ಟಿರೋ ವಕೀಲರು ಸಹಿ ಹಾಕೋದೇ ವಾಸಿ ಅಂತಾರಲ್ಲ?’

‘ಅವರು ದಿನಾ ಕುಡಿದು ಕಾರು ಓಡಿಸಿದವರ ಕೇಸು ನೋಡೋರು. ಅವರಿಗೆ ಅಂತಾರಾಷ್ಟ್ರೀಯ ಕಾನೂನು ಎಲ್ಲಿಂದ ಗೊತ್ತಿರಬೇಕು?’

ಇದು ನಾನೇ ಆಡಿದ ಮಾತು. ಆ ವಕೀಲರ ಮುಖವನ್ನೂ ನಾನು ನೋಡಿರಲಿಲ್ಲ. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ಸಹಿ ಹಾಕುತ್ತೀರೋ ಇಲ್ಲವೋ ಅಂತ ತಿಳಿಸಲು ಅವರಿಗೆ ಇನ್ನು ಹತ್ತು ದಿನ ಇತ್ತು. ಮುಂದಿನ ಶುಕ್ರವಾರ ಸಂಜೆ ಐದು ಗಂಟೆ. ಅಷ್ಟರಲ್ಲಿ ಅವರ ಕೈಗೆ ಒಂದು ಅಚ್ಚುಕಟ್ಟಾದ ಟಿಪ್ಪಣಿ ಕೊಡೋಣ ಅಂತ ನನಗೆ ಹುರುಪು ಬಂತು. ಮಂಗಳವಾರ ಮಗಳನ್ನು ಶಾಲೆಗೆ ಬಿಟ್ಟು ಲೈಬ್ರರಿಗೆ ಹೋದೆ. ಕಂಪ್ಯೂಟರಿನಲ್ಲಿ ವಿಶ್ವ ನ್ಯಾಯಾಲಯದ ಅಭಿಪ್ರಾಯ ಪೂರ್ತಿ ಸಿಕ್ಕಿತು. ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದೆ. ಕೊನೆಯ ಪುಟಗಳನ್ನು ಪ್ರಿಂಟ್ ತೆಗೆದು, ಕಿಟಕಿಯ ಪಕ್ಕ ಕೂತು ಓದಿದೆ.

ನನ್ನ ಸಾಲು ಅಲ್ಲಿತ್ತು. ಅದರ ಕೆಳಗೇ ಇನ್ನೊಂದು ವಾಕ್ಯ ಇತ್ತು. ಒಂದು ದೇಶದ ಉಳಿವೇ ಅಪಾಯದಲ್ಲಿದ್ದು, ಆತ್ಮರಕ್ಷಣೆಗೆ ಬೇರೆ ದಾರಿಯಿಲ್ಲದ ಪರಿಸ್ಥಿತಿ ಬಂದರೆ, ಆಗ ಅಣ್ವಸ್ತ್ರ ಬಳಸುವುದು ಕಾನೂನಿಗೆ ಸರಿಯೋ ತಪ್ಪೋ ಎಂದು ನಾವು ಖಚಿತವಾಗಿ ಹೇಳಲಾರೆವು ಎಂಬ ಅರ್ಥದ ವಾಕ್ಯ. ಅಷ್ಟಕ್ಕೂ ಏಳು ನ್ಯಾಯಮೂರ್ತಿಗಳು ಪರ, ಏಳು ಮಂದಿ ವಿರೋಧ. ಅಧ್ಯಕ್ಷರು ತಮ್ಮ ನಿರ್ಣಾಯಕ ಮತ ಹಾಕಿ ಮುಗಿಸಿದ್ದರು. ಇದು ತೀರ್ಪೂ ಅಲ್ಲ, ಬರೀ ಸಲಹೆ. ಸುಮ್ಮನೆ ಇಟ್ಟುಕೊಂಡಿರುವುದರ ಬಗ್ಗೆಯಂತೂ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

 ಗೈಡು ಬರೆದವನನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ಇನ್ನಷ್ಟು ಓದಿ ಒಂದು ಸಮಾಧಾನ ಹುಡುಕಿಕೊಂಡೆ: ವಿರೋಧಿಸಿದ ಏಳರಲ್ಲಿ ಮೂವರು, ಅಣ್ವಸ್ತ್ರ ಯಾವ ಪರಿಸ್ಥಿತಿಯಲ್ಲೂ ತಪ್ಪೇ ಅಂತ ನ್ಯಾಯಾಲಯ ನೇರವಾಗಿ ಹೇಳಬೇಕಿತ್ತು ಅಂತ ವಿರೋಧಿಸಿದವರು. ಹಾಗಾದರೆ ನಿಜಕ್ಕೂ ಹತ್ತು ಜನ ನಮ್ಮ ಕಡೆ! ಇದನ್ನು ಹಿಡಿದುಕೊಂಡು ಪಾರ್ಕಿಂಗ್ ಲಾಟಿನವರೆಗೆ ಬಂದೆ. ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಅದೂ ಜಾರಿಹೋಯಿತು. ಗೇಟಿನ ಮುಂದಿನ ಗೆರೆ ದಾಟಿದ ಒಬ್ಬ ಅಜ್ಜಿಯನ್ನು ಈ ಲೆಕ್ಕ ಯಾವ ಕೋರ್ಟಿನಲ್ಲೂ ಕಾಪಾಡುವುದಿಲ್ಲ ಅಂತ ತಿಳಿಯಲು ಪರೀಕ್ಷೆ ಪಾಸಾಗಿರಬೇಕಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ‘ನಿನಗೇಕೆ ಇದೆಲ್ಲ, ವೀಸಾಗೆ ತೊಂದರೆ ಆಗತ್ತೆ’ ಅಂತ ಬೈಯುತ್ತಾನೆ, ಅವನ ಮೇಲೆ ರೇಗಿ ನನ್ನ ಮನಸ್ಸು ಹಗುರ ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಆ ಮನುಷ್ಯ ಆ ಉಪಕಾರವನ್ನೂ ಮಾಡಲಿಲ್ಲ.

‘ಈಗಲೇ ಫೋನ್ ಮಾಡಿ ಹೇಳಿಬಿಡು. ಇನ್ನೂ ಟೈಮ್ ಇದೆಯಲ್ಲ?’ ಅಂದ.

‘ಏನಂತ ಹೇಳಲಿ? ನಾನು ಗೈಡ್ ಓದಿ ಪಾಸಾದೋಳು ಅಂತಲಾ?’

‘ನೋಡು, ನಮ್ಮ ಆಫೀಸಲ್ಲಿ ಕೋಡ್‌ನಲ್ಲಿ ತಪ್ಪು ಮಾಡಿದೋನಿಗೆ ಯಾರೂ ಏನೂ ಅನ್ನಲ್ಲ. ಎಲ್ಲರೂ ಮಾಡ್ತಾರೆ. ಬಗ್ ಇದೆ ಅಂತ ಗೊತ್ತಿದ್ದೂ ಮುಚ್ಚಿಟ್ಟು ರಿಲೀಸ್ ಮಾಡ್ತಾರಲ್ಲ, ಅವರಿಗೆ ಮಾತ್ರ ಕ್ಷಮೆ ಇಲ್ಲ.’

‘ಎಲ್ಲಾನೂ ನಿಮ್ಮ ಆಫೀಸಿಗೆ ಹೋಲಿಸಬೇಡಿ,’ ಅಂತ ಸಿಡುಕಿ, ಸಾರಿಗೆ ಒಗ್ಗರಣೆ ಹಾಕಲು ಎದ್ದೆ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಬುಧವಾರ ಮಗಳಿಗೆ ಕೆಮ್ಮು ಅಂತ ನೆಪ. ಗುರುವಾರ ಜೋರು ಮಳೆ, ಕಾರಿನಿಂದಲೇ ಇಳಿಸಿ ಬಂದೆ. ಶುಕ್ರವಾರ ಬೆಳಿಗ್ಗೆ ಹೇಳಿಯೇ ತೀರುವುದು ಅಂತ ಗಟ್ಟಿ ಮಾಡಿಕೊಂಡು, ಆ ಪ್ರಿಂಟನ್ನು ಮಡಿಚಿ ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಅಜ್ಜಿ ರಸ್ತೆಯ ಆ ತುದಿಯಲ್ಲಿ ನಿಂತಿದ್ದರು. ನಮ್ಮನ್ನು ಕಂಡ ಕೂಡಲೇ ಪಕ್ಕದಲ್ಲಿದ್ದ ಇಬ್ಬರು ತಾಯಂದಿರಿಗೆ, ‘ನೋಡಿ, ನನ್ನ ಲಾಯರ್ ಬಂದಳು. ಅಂತಾರಾಷ್ಟ್ರೀಯ ಕಾನೂನು ಓದಿದೋಳು’ ಅಂದರು. ಆ ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಐದು ವರ್ಷದಲ್ಲಿ ಮೊದಲ ಸಲ ಹಾಗೆ ನೋಡಿದರು, ಯಾರದೋ ಹೆಂಡತಿಯನ್ನು ನೋಡಿದಂತಲ್ಲ.

ಮಗಳು ಒಳಗೆ ಹೋದಳು. ಆ ತಾಯಂದಿರೂ ಹೋದರು. ಅಜ್ಜಿ ಮತ್ತು ನಾನು ಇಬ್ಬರೇ ಉಳಿದೆವು.

‘ಇವತ್ತು ಮಧ್ಯಾಹ್ನ ಫೋನ್ ಮಾಡಿ ಸಹಿ ಹಾಕಲ್ಲ ಅಂತ ಹೇಳಿಬಿಡ್ತೀನಿ,’ ಅಂದರು. ‘ನಿನಗೇನಾದರೂ ಹೇಳೋದಿದೆಯಾ?’

ಕೈ ಜೇಬಿನಲ್ಲಿತ್ತು. ಕಾಗದದ ಮಡಿಕೆ ಬೆರಳಿಗೆ ತಾಗುತ್ತಿತ್ತು.

‘ಏನಿಲ್ಲ,’ ಎಂದೆ. ‘ಧೈರ್ಯವಾಗಿರಿ.’

ಮನೆಗೆ ಬಂದು ಚಪಾತಿ ಹಿಟ್ಟು ಕಲಸಿದೆ. ಐದು ಗಂಟೆಯವರೆಗೂ ಫೋನು ಎದುರಿಗೇ ಇತ್ತು.

ಮಾರ್ಚ್‌ನಲ್ಲಿ ವಿಚಾರಣೆಗೆ ಅವರನ್ನು ಕರೆದುಕೊಂಡು ಹೋದವಳೂ ನಾನೇ. ದಕ್ಷಿಣಕ್ಕೆ ಒಂದು ಗಂಟೆಗೂ ಮಿಕ್ಕಿದ ಹಾದಿ. ಅಜ್ಜಿ ನೀಲಿ ಕೋಟು ಹಾಕಿಕೊಂಡು, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ನನ್ನ ಏಳೆಂಟು ಸಾಲನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಉರು ಹೊಡೆಯುತ್ತಿದ್ದರು ಅಂದರೂ ಸರಿ. ನಾನು ಮುಂದಿನ ಕಾರಿನ ನಂಬರ್ ಪ್ಲೇಟು ನೋಡುತ್ತ ಓಡಿಸಿದೆ. ಈಗ ಹೇಳಿ ಏನು ಪ್ರಯೋಜನ, ಅವಧಿ ಮುಗಿದುಹೋಗಿದೆ, ಸುಮ್ಮನೆ ಅವರ ಧೈರ್ಯ ಕೆಡಿಸಿದ ಹಾಗಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೇಡಿತನಕ್ಕೆ ಎಷ್ಟು ಒಳ್ಳೆಯ ಮಾತುಗಳು ಸಿಗುತ್ತವೆ!

ಕೋರ್ಟು ಚಿಕ್ಕದು, ಜನ ಹತ್ತೋ ಹನ್ನೆರಡೋ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಅಜ್ಜಿ ಪ್ರಮಾಣ ಮಾಡಿ ಕಟಕಟೆಯಲ್ಲಿ ಕೂತು, ಗೆರೆ ದಾಟಿದ್ದು ನಿಜ ಅಂತ ಒಪ್ಪಿಕೊಂಡರು. ಯಾಕೆ ಅಂತ ಅವರ ವಕೀಲರು ಕೇಳಿದಾಗ, ವಿಶ್ವ ನ್ಯಾಯಾಲಯವೇ ಇವು ಕಾನೂನಿಗೆ ವಿರುದ್ಧ ಅಂತ ಹೇಳಿದೆ, ಕಾನೂನು ಮುರಿಯುವುದನ್ನು ಕಂಡ ಪ್ರಜೆ ತಡೆಯಬೇಕಲ್ಲವೇ, ಅಂತ ಸ್ಪಷ್ಟವಾಗಿ ಹೇಳಿದರು. ಜಡ್ಜ್ ತಡೆಯದೆ ಕೇಳಿಸಿಕೊಂಡರು.

ಸರ್ಕಾರದ ಕಡೆಯ ವಕೀಲೆ ಎದ್ದರು. ಕೂಗಾಡುವ ಜಾತಿಯವರಲ್ಲ, ಮೃದುವಾದ ದನಿ. ಒಂದು ಹಾಳೆಯನ್ನು ಅಜ್ಜಿಯ ಕೈಗೆ ಕೊಟ್ಟು, ‘ನೀವು ಹೇಳಿದ್ದು ಈ ಪ್ಯಾರಾದಲ್ಲಿದೆ. ಅದರ ಮುಂದಿನ ವಾಕ್ಯವನ್ನು ಎಲ್ಲರಿಗೂ ಕೇಳುವ ಹಾಗೆ ಓದ್ತೀರಾ?’ ಅಂದರು.

ಆ ಶುಕ್ರವಾರ ನನ್ನ ಜೇಬಿನಲ್ಲಿದ್ದ ಹಾಳೆಯೇ ಅದು. ಅಜ್ಜಿ ಓದಲು ಶುರು ಮಾಡಿದರು. ಅರ್ಧಕ್ಕೆ ದನಿ ನಿಧಾನವಾಯಿತು. ‘ಖಚಿತವಾಗಿ ಹೇಳಲಾರೆವು’ ಅನ್ನುವ ಮಾತು ಬಂದಾಗ ನಿಂತುಬಿಟ್ಟರು. ತಲೆ ಎತ್ತಿ ಕೋಣೆಯ ಹಿಂಭಾಗದ ಕಡೆ ನೋಡಿದರು. ಮತ್ತೆ ಹಾಳೆ ನೋಡಿ ವಾಕ್ಯ ಮುಗಿಸಿದರು.

‘ಈ ವಾಕ್ಯ ನಿಮಗೆ ಗೊತ್ತಿರಲಿಲ್ಲವಾ?’

‘ಇಲ್ಲ.’

‘ಈ ಅಭಿಪ್ರಾಯದ ಬಗ್ಗೆ ನಿಮಗೆ ಯಾರು ಹೇಳಿದ್ದು? ಯಾರಾದರೂ ವಕೀಲರು ಸಲಹೆ ಕೊಟ್ಟಿದ್ದರಾ?’

 ಕೆಲಸ ಮಾಡುವ ಹಾಗಿಲ್ಲದ ವೀಸಾದಲ್ಲಿದ್ದು, ಈ ದೇಶದಲ್ಲಿ ವಕೀಲಿಕೆಯ ಅನುಮತಿಯೇ ಇಲ್ಲದವಳು ಸಲಹೆ ಕೊಟ್ಟಿದ್ದೆ. ಎದ್ದು ನಿಂತು ‘ನಾನು’ ಅಂದುಬಿಡಬೇಕು ಅನ್ನಿಸಿದ್ದು ನಿಜ. ಎದ್ದು ನಿಲ್ಲಲಿಲ್ಲ ಅನ್ನುವುದೂ ನಿಜ. ತಲೆ ತಗ್ಗಿಸಿ ನನ್ನ ಶೂ ನೋಡುತ್ತಿದ್ದೆ.

‘ಯಾರೂ ಇಲ್ಲ,’ ಅಂದರು ಅಜ್ಜಿ. ‘ನಾನೇ ಓದಿಕೊಂಡೆ. ನನ್ನ ಕಣ್ಣು ಈಗ ಸರಿಯಿಲ್ಲ. ಕೆಳಗಿನ ಸಾಲು ಕಾಣಿಸದೇ ಹೋಗಿರಬೇಕು.’

ಸತ್ಯ ಹೇಳುವುದಕ್ಕೇ ಅಂತ ಅಲ್ಲಿಗೆ ಬಂದಿದ್ದ ಹೆಂಗಸು. ಆ ಕಟಕಟೆಯಲ್ಲಿ ಅವರು ಹೇಳಿದ ಸುಳ್ಳು ಅದೊಂದೇ, ಅದೂ ನನಗೋಸ್ಕರ.

ಜಡ್ಜ್ ಮರ್ಯಾದೆಯಿಂದಲೇ ಮಾತಾಡಿದರು. ನಿಮ್ಮ ಕಳಕಳಿ ಪ್ರಾಮಾಣಿಕ, ಆದರೆ ಇಲ್ಲಿರುವುದು ಗೆರೆ ದಾಟಿದಿರೋ ಇಲ್ಲವೋ ಅನ್ನುವ ಪ್ರಶ್ನೆ ಮಾತ್ರ, ಅಂದರು. ತಪ್ಪಿತಸ್ಥೆ ಅಂತ ಆಯಿತು. ಜೈಲಿಲ್ಲ, ಕೆಲವು ಗಂಟೆ ಸಮಾಜ ಸೇವೆ, ಒಂದು ವರ್ಷ ಕೋರ್ಟಿನ ನಿಗಾ. ವಾಪಸ್ ಬರುವಾಗ ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮನೆ ಹತ್ತಿರ ಬಂದಾಗ ನನ್ನ ಮೊಣಕೈ ತಟ್ಟಿ, ‘ನಿನಗೂ ಗೊತ್ತಿರಲಿಲ್ಲ ಅಲ್ವಾ? ಪಾಪ, ನಿನ್ನ ಮುಖ ನೋಡಿದೆ. ಬೇಜಾರು ಮಾಡ್ಕೋಬೇಡ,’ ಅಂದರು. ನಾನು ತಲೆಯಾಡಿಸಿದೆ. ಯಾವ ಅರ್ಥದಲ್ಲಿ ಬೇಕಾದರೂ ತೆಗೆದುಕೊಳ್ಳಬಹುದಾದ ಹಾಗೆ ಆಡಿಸಿದೆ.

ಶಿಕ್ಷೆಯ ವಿಷಯಕ್ಕೆ ಶಾಲೆಯವರು ಅವರನ್ನು ತೆಗೆಯಲಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಎಷ್ಟೋ ಪೋಷಕರಿಗೆ ಅವರ ಮೇಲೆ ಇನ್ನಷ್ಟು ಅಭಿಮಾನ ಬಂತು, ಹೆಡ್‌ಮಿಸ್ಟ್ರೆಸ್ ಕೂಡ ಅವರ ಪರವಾಗಿಯೇ ಇದ್ದರಂತೆ. ಆದರೆ ಊರಿನ ಸಣ್ಣ ಪತ್ರಿಕೆಯಲ್ಲಿ ವಿಚಾರಣೆಯ ಸುದ್ದಿ ನಾಲ್ಕು ಸಾಲು ಬಂತು. ಅದರಲ್ಲಿ ಕಣ್ಣಿನ ಮಾತೂ ಇತ್ತು. ಯಾರೋ ಒಬ್ಬ ತಂದೆ ಅದನ್ನು ಕತ್ತರಿಸಿಕೊಂಡು ಶಾಲೆಗೆ ಹೋದರು. ಕಣ್ಣು ಕಾಣುವುದಿಲ್ಲ ಅಂತ ಪ್ರಮಾಣ ಮಾಡಿ ಹೇಳಿದವರ ಕೈಗೆ ರಸ್ತೆ ದಾಟಿಸುವ ಕೆಲಸ ಹೇಗೆ ಕೊಡುತ್ತೀರಿ ಅಂತ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿದೆ?

ಹೆಡ್‌ಮಿಸ್ಟ್ರೆಸ್ ಕರೆದು, ಕಣ್ಣಿನ ಡಾಕ್ಟರ ಹತ್ತಿರ ಒಂದು ಚೀಟಿ ತಂದುಬಿಡಿ ಸಾಕು ಅಂದರಂತೆ. ಅಜ್ಜಿಯ ಕಣ್ಣು ಹದ್ದಿನ ಕಣ್ಣು. ಎರಡು ಬೀದಿ ಆಚೆ ಶೂ ಲೇಸು ಬಿಚ್ಚಿಕೊಂಡು ಬರುವ ಮಗುವನ್ನು ಗುರುತಿಸಿ ಕೂಗುತ್ತಿದ್ದರು. ಆದರೆ ಚೀಟಿ ತಂದರೆ ಕೋರ್ಟಿನಲ್ಲಿ ಹೇಳಿದ್ದು ಸುಳ್ಳು ಅಂತಾಗುತ್ತದೆ. ಯಾಕೆ ಸುಳ್ಳು ಹೇಳಿದಿರಿ ಅಂತ ಯಾರಾದರೂ ಕೇಳುತ್ತಾರೆ. ಅವರು ಚೀಟಿ ತರಲಿಲ್ಲ. ಏಪ್ರಿಲ್‌ನ ಒಂದು ಸೋಮವಾರ ಫಲಕವನ್ನೂ ರೇನ್‌ಕೋಟನ್ನೂ ಆಫೀಸಿನಲ್ಲಿ ಒಪ್ಪಿಸಿ ಬಂದರು.

ಮರುದಿನ ರಸ್ತೆಯ ನಡುವೆ ಬೇರೆ ಯಾರೋ ನಿಂತಿದ್ದರು. ‘ವೇರ್ ಈಸ್ ಸ್ಟಾಪ್ ಅಜ್ಜಿ?’ ಅಂತ ಮಗಳು ಕೇಳಿದಳು.

‘ಅವರಿಗೆ ಹುಷಾರಿಲ್ಲ,’ ಎಂದೆ. ಅಜ್ಜಿಯ ಸುಳ್ಳಿಗೆ ನನ್ನದೂ ಒಂದು ಸೇರಿತು. ಮುಂದಿನ ವಾರದಿಂದ ಮಗಳನ್ನು ಕಾರಿನಲ್ಲೇ ಬಿಟ್ಟು ಬರಲು ಶುರು ಮಾಡಿದೆ. ಆ ಹಿಂದಿನ ಬೀದಿಗೆ ಕಾಲಿಡಲಿಲ್ಲ. ದೀಪಾವಳಿಗೆ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಮಗಳ ಕೈಲಿ ಕಳಿಸಿದೆ. ಡಬ್ಬಿಯಲ್ಲಿ ಶುಂಠಿ ಬಿಸ್ಕತ್ತು ತುಂಬಿ ವಾಪಸ್ ಬಂತು. ಒಂದನ್ನೂ ನಾನು ಮುಟ್ಟಲಿಲ್ಲ.

ಆಮೇಲೆ ಡಿಪೆಂಡೆಂಟ್ ವೀಸಾದ ಕೆಲವರು ಕೆಲಸ ಮಾಡಬಹುದು ಅಂತ ನಿಯಮ ಬಂತು, ನನಗೂ ಅನುಮತಿ ಸಿಕ್ಕಿತು. ಈಸ್ಟ್‌ಗೇಟ್‌ನ ಒಂದು ಆಫೀಸಿನಲ್ಲಿ ಕರಾರು ಪತ್ರ ಓದುವ ಕೆಲಸಕ್ಕೆ ಸೇರಿದೆ. ಪ್ರತಿಯೊಂದು ಕರಾರನ್ನೂ ಕೊನೆಯ ಪೂರ್ಣವಿರಾಮದವರೆಗೆ ಎರಡೆರಡು ಸಲ ಓದುತ್ತೇನೆ. ನಮ್ಮ ಮ್ಯಾನೇಜರ್ ಅದನ್ನು ಮೆಚ್ಚಿಕೊಂಡಾಗಲೆಲ್ಲ ನನಗೆ ಎದ್ದು ಹೋಗೋಣ ಅನ್ನಿಸುತ್ತದೆ.

ಎರಡು ಸಾವಿರದ ಹದಿನೇಳರ ಜುಲೈ. ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ದೇಶಗಳು ಸೇರಿ ಅಣ್ವಸ್ತ್ರಗಳನ್ನು ಪೂರ್ತಿ ನಿಷೇಧಿಸುವ ಒಂದು ಒಪ್ಪಂದ ಮಾಡಿಕೊಂಡವು ಅಂತ ಸುದ್ದಿ ಬಂತು. ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ನಿಷಿದ್ಧ. ಅಣ್ವಸ್ತ್ರ ಇರುವ ಒಂದು ದೇಶವೂ ಆ ಕಡೆ ತಲೆ ಹಾಕಲಿಲ್ಲ. ಈ ದೇಶವೂ ಇಲ್ಲ, ನಮ್ಮದೂ ಇಲ್ಲ. ಅದಾಗಿ ಎರಡು ದಿನಕ್ಕೆ ಅಜ್ಜಿಯ ಫೋನು.

‘ಏನೋ ಹೊಸ ಒಪ್ಪಂದವಂತೆ. ನೀನು ಬಂದು ನನಗೆ ಅದನ್ನ ಬಿಡಿಸಿ ಹೇಳ್ತೀಯಾ? ನನ್ನ ಲಾಯರ್ ನೀನೇ ಅಲ್ವಾ?’

ಆ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದೆ. ಪ್ರಿಂಟ್ ತೆಗೆದುಕೊಂಡು ಶನಿವಾರ ಅವರ ಮನೆಗೆ ಹೋದೆ. ಮೂರು ವರ್ಷದಲ್ಲಿ ಅಜ್ಜಿ ಸ್ವಲ್ಪ ಬಾಗಿದ್ದರು. ಮುಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆವು. ಅವರು ಏನೂ ಕೇಳುವುದಕ್ಕೆ ಮುಂಚೆ ಹೇಳಿಬಿಟ್ಟೆ, ಇಲ್ಲದಿದ್ದರೆ ಅದು ಮತ್ತೆ ಜೇಬಿನಲ್ಲೇ ಉಳಿಯುತ್ತಿತ್ತು.

‘ಆ ಎರಡನೇ ವಾಕ್ಯ ನನಗೆ ಗೊತ್ತಿತ್ತು. ನೀವು ಫೋನ್ ಮಾಡಿ ಸಹಿ ಹಾಕಲ್ಲ ಅಂದಿರಲ್ಲ, ಆ ಶುಕ್ರವಾರ ಬೆಳಿಗ್ಗೆನೇ ಗೊತ್ತಿತ್ತು. ಕಾಗದ ನನ್ನ ಜೇಬಲ್ಲಿತ್ತು.’

ಎದುರಿನ ಮನೆಯ ಹುಲ್ಲಿಗೆ ನೀರು ಚಿಮ್ಮುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದರು.

‘ಬೆಳಿಗ್ಗೆ, ರಸ್ತೆ ಹತ್ತಿರ ನಾನು ಕೇಳಿದೆನಲ್ಲ, ಆಗ?’

‘ಆಗಲೇ.’

‘ಯಾಕೆ ಹೇಳಲಿಲ್ಲ?’

‘ನೀವು ಆ ಇಬ್ಬರ ಮುಂದೆ ನನ್ನನ್ನ ಲಾಯರ್ ಅಂದಿರಿ. ಅದು ಹೋಗಿಬಿಡತ್ತೆ ಅಂತ.’ ಬೇರೆ ಕಾರಣ ಇರಲಿಲ್ಲ. ಮೂರು ವರ್ಷ ಹುಡುಕಿದ್ದೆ.

ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪರವಾಗಿಲ್ಲ ಅಂತ ಕೈ ತಟ್ಟಿದ್ದರೆ ಅತ್ತುಬಿಡುತ್ತಿದ್ದೆ. ಅವರು ಎರಡನ್ನೂ ಮಾಡಲಿಲ್ಲ.

‘ನಿನಗೆ ಗೊತ್ತಿರಲಿಲ್ಲ ಅಂದುಕೊಂಡೆ,’ ಅಂದರು. ‘ಅದಕ್ಕೇ ಕಣ್ಣಿನ ನೆಪ ಹೇಳಿದೆ.’ ಆಮೇಲೆ, ‘ಸಹಿ ಹಾಕಿದ್ದರೆ ನಿನ್ನ ಮಗಳು ಐದನೇ ಕ್ಲಾಸು ಮುಗಿಸೋವರೆಗೂ ನಾನೇ ದಾಟಿಸ್ತಿದ್ದೆ’ ಅಂದರು.

 ಒಪ್ಪಂದದ ಹಾಳೆಗಳನ್ನು ಬಿಡಿಸಿ, ‘ಪೂರ್ತಿ ಓದಿದೀನಿ. ಒಂದನೇ ವಿಧಿಯಿಂದ ಹೇಳ್ತೀನಿ’ ಎಂದೆ.

ಅಜ್ಜಿ ಕೈ ಚಾಚಿದರು. ಹಾಳೆಗಳನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

‘ಬೇಡ. ನಾನೇ ಓದ್ಕೋತೀನಿ.’

ಸಣ್ಣ ಅಕ್ಷರದ ಪ್ರಿಂಟು ಅದು. ಕನ್ನಡಕವಿಲ್ಲದೆ, ಮೊದಲ ಸಾಲಿನಿಂದ ಓದಲು ಶುರು ಮಾಡಿದರು. ಮೊದಲ ಪುಟ ಮುಗಿದ ಮೇಲೆ ಅದನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ, ಎರಡನೆಯದನ್ನು ಎತ್ತಿಕೊಂಡರು. ನಾನು ಪಕ್ಕದಲ್ಲಿ ಕೂತೇ ಇದ್ದೆ.